ಅತಿಯಾತ್ ನಿಲ್ಲಿಸಿದ ಜಾಗ

ಸೆಪ್ಟೆಂಬರ್ 20, ಗುರುವಾರ

ಇದು ನನ್ನ ಹೆಂಡತಿ ಅತಿಯಾತಳ ನೋಟ್‌ಬುಕ್ಕು. ಮೊದಲ ಮೂರು ಹಾಳೆಗಳಲ್ಲಿ ಅವಳ ಕೈಬರಹದಲ್ಲಿ ಸಿನಿಮಾ ಕ್ಯಾಸೆಟ್ಟುಗಳ ಪಟ್ಟಿ ಇದೆ. ಅದನ್ನು ಮುಟ್ಟಬಾರದೆಂದು ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ನಿದ್ದೆಯಿಲ್ಲ ಅಂತ ದವಾಖಾನೆಗೆ ಹೋದರೆ ಆ ಹುಡುಗ ಡಾಕ್ಟರು ಮಾತ್ರೆ ಕೊಡುವುದು ಬಿಟ್ಟು "ಮನಸ್ಸಲ್ಲಿರೋದನ್ನ ಬರೀರಿ" ಅಂದ. ಮೂವತ್ತೆಂಟು ವರ್ಷ ರೊಟ್ಟಿ ಭಟ್ಟಿಯಲ್ಲಿ ಹಿಟ್ಟು ನಾದಿದ ಕೈಯಿದು. ಏನು ಬರೆಯಲಿ, ನನ್ನ ತಲೆ!

ಅತಿಯಾತ್ ಹೋಗಿ ಇವತ್ತಿಗೆ ಇಪ್ಪತ್ತು ದಿನ. ಮಣ್ಣು ಮಾಡಿ ಬಂದ ದಿನವೇ ಎದುರುಮನೆಯ ಉಮ್ ಹಮ್ದಿ ಬಂದು ಟೀವಿಯ ಮೇಲೆ ನೀಲಿ ಹೂವಿನ ಹೊದಿಕೆ ಹಾಕಿ ಹೋದಳು. "ನಲವತ್ತು ದಿನ ಇದನ್ನ ಹಚ್ಚೋ ಹಾಗಿಲ್ಲ ಉಸ್ತಾ, ನೋಡಿದೋರು ಏನಂದ್ಕೊಂಡಾರು" ಅಂದಳು. ಕಸುಬುದಾರನೆಂದು ಪೇಟೆಯವರೆಲ್ಲ ನನ್ನನ್ನು ಉಸ್ತಾ ಅಂತಲೇ ಕರೆಯುವುದು. ನನಗೆ ಟೀವಿ ನೋಡುವ ಚಟ ಯಾವತ್ತೂ ಇರಲಿಲ್ಲ. ಆದರೂ ಆ ಹೊದಿಕೆ ಕಂಡರೆ ಆಗುವುದಿಲ್ಲ. ಹೆಣಕ್ಕೆ ಸುತ್ತುವ ಕಫನ್ ಸುತ್ತಿ ಯಾರನ್ನೋ ಮೂಲೆಯಲ್ಲಿ ಕೂರಿಸಿದ ಹಾಗಿದೆ.

ಸೆಪ್ಟೆಂಬರ್ 29, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ನಿದ್ದೆ ಇಲ್ಲ. ಬೆಳಗಿನ ಜಾವ ಭಟ್ಟಿಗೆ ಹೋಗಿ ಮಧ್ಯಾಹ್ನ ಮನೆಗೆ ಬಂದರೆ ಮೂಟೆ ಬಿದ್ದ ಹಾಗೆ ಮೇಲೆ ಬೀಳುತ್ತಿತ್ತಲ್ಲ, ಆ ನಿದ್ದೆಯೂ ಅವಳ ಜೊತೆ ಹೋಯಿತು.

ಅಕ್ಟೋಬರ್ 11, ಗುರುವಾರ

ನಲವತ್ತು ಮುಗಿಯಿತು. ಕುರಾನು ಓದುವವರು ಬಂದರು, ಓದಿದರು, ಸಕ್ಕರೆ ಹಾಕದ ಕಾಫಿ ಕುಡಿದು ಹೋದರು. ಎಲ್ಲರೂ ಎದ್ದ ಮೇಲೂ ಇಬ್ಬರು ಅಂಟಿಕೊಂಡು ಕೂತಿದ್ದರು. ಶಹಾತಾ ಮತ್ತು ಫಿಕ್ರಿ.

ಶಹಾತಾ ಟ್ರಾಮಿನಲ್ಲಿ ಕಂಡಕ್ಟರಾಗಿದ್ದವ. ಸ್ಟಾಪು ಕೂಗಿ ಕೂಗಿ ಅವನ ಬಾಯಿಗೆ ಸುಮ್ಮನಿರುವುದು ಮರೆತೇಹೋಗಿದೆ. ಫಿಕ್ರಿ ನಮ್ಮ ಬಕೋಸ್ ಪೇಟೆಯ ಮೂಲೆಯಲ್ಲಿ ವಿಡಿಯೋ ಕ್ಲಬ್ ಇಟ್ಟಿದ್ದ. ಮನೆ ಮನೆಯ ಮಾಳಿಗೆಯ ಮೇಲೆ ಡಿಶ್ಶು ಬಂದವು, ಕ್ಲಬ್ ಮುಚ್ಚಿತು. ಉಳಿದ ಕ್ಯಾಸೆಟ್ಟುಗಳನ್ನು ಬೆಕ್ಕಿನ ಮರಿ ಹಂಚುವ ಹಾಗೆ ಹಂಚಿದ. ಒಂದಿಷ್ಟು ತನ್ನ ಮನೆಗೆ, ಒಂದಿಷ್ಟು ಶಹಾತಾನಿಗೆ, ಮೂವತ್ತೊಂದು ನಮ್ಮನೆಗೆ. ಅತಿಯಾತ್ ತಾನೇ ಬುಟ್ಟಿ ಹಿಡಿದು ಹೋಗಿ ತಂದಳು. "ಒಂದಿನ ಎಲ್ಲಾರೂ ಕೂತು ನೋಡೋಣ" ಅಂತ ಅವತ್ತು ಮಾತಾಗಿತ್ತು. ಅದಾಗಿ ಹತ್ತು ವರ್ಷವಾಯಿತು.

ಫಿಕ್ರಿ ಎದ್ದು ಹೋಗಿ ಟೀವಿಯ ಹೊದಿಕೆ ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟ.

"ಮಿತ್ವಲ್ಲಿ, ಇನ್ನು ಆ ಕ್ಯಾಸೆಟ್ಟು ನೋಡಿ ಮುಗಿಸೋಣ ಕಣೋ. ಅತ್ತಿಗೆಗೆ ಕೊಟ್ಟ ಮಾತು."

"ನಂಗ್ಯಾವ ಸಿನಿಮಾನೂ ಬೇಡ."

"ನಿಂಗೆ ಯಾವತ್ತು ಬೇಕಾಗಿತ್ತು?" ಅಂದ ಶಹಾತಾ. "ಹೀರೋ ಬಾಗಿಲು ತೆಗೆಯೋ ಹೊತ್ತಿಗೆ ನೀನು ಗೊರಕೆ ಹೊಡೀತಿದ್ದೆ. ನೀನು ಮಲಕ್ಕೋ, ನಾವು ನೋಡ್ತೀವಿ."

ಬೈದು ಕಳಿಸಬೇಕು ಅಂದುಕೊಂಡೆ. ಬಾಯಿಗೆ ಬಂದದ್ದು ಮಾತ್ರ "ಇಳಿಹೊತ್ತಿನ ಅಸರ್ ನಮಾಜು ಮುಗಿಸ್ಕೊಂಡು ಬನ್ನಿ" ಅಂತ.

ಅಕ್ಟೋಬರ್ 15, ಸೋಮವಾರ

ಮೂರು ದಿನ ಅವರಿಬ್ಬರ ಮನೆಯ ಕ್ಯಾಸೆಟ್ಟು ನೋಡಿದೆವು. ಫಿಕ್ರಿಯವು ಬೂಸಲು ಹಿಡಿದಿವೆ. ನಾಯಕಿಯ ಮುಖದ ಮೇಲೆಲ್ಲ ಹಿಟ್ಟು ಉದುರಿದ ಹಾಗೆ ಚುಕ್ಕೆ. ಶಹಾತಾನ ಕ್ಯಾಸೆಟ್ಟಿನ ಮೇಲೆ ಯಾವುದೋ ಪ್ರೇಮಕಥೆಯ ಹೆಸರಿದೆ, ಒಳಗೆ ಅವನ ಅಳಿಯ ಫುಟ್ಬಾಲ್ ಪಂದ್ಯ ತುಂಬಿಸಿಟ್ಟಿದ್ದಾನೆ. "ಗೋಲು ಬೀಳೋ ತನಕ ನೋಡೋಣ ಬಿಡ್ರೋ, ಇದೂ ಒಂದು ವಿರಹವೇ" ಅಂದ ಶಹಾತಾ. ಕೊನೆವರೆಗೂ ಗೋಲು ಬೀಳಲಿಲ್ಲ. ಹುರಿದ ಕುಂಬಳಬೀಜದ ಸಿಪ್ಪೆ ಮಾತ್ರ ರಾಶಿ ಬಿತ್ತು.

"ಏನೋ, ಕಣ್ಣು ಬಿಟ್ಕೊಂಡೇ ಇದೀಯಲ್ಲ!" ಅಂತ ಫಿಕ್ರಿ ನನ್ನನ್ನೇ ನೋಡಿದ.

ಹಿಂದೆಲ್ಲ ಅತಿಯಾತ್ ಸಿನಿಮಾ ಹಚ್ಚಿದರೆ ಅರ್ಧ ಗಂಟೆಗೆ ನನ್ನ ಕಥೆ ಮುಗಿಯುತ್ತಿತ್ತು. ಎದ್ದಾಗ ಟೀವಿ ಆರಿರುತ್ತಿತ್ತು, ಮೈಮೇಲೆ ಹೊದಿಕೆ ಇರುತ್ತಿತ್ತು. "ನಿದ್ದೆ ಎಲ್ಲಿ ಮಾಡಿದೆ, ಕಣ್ಣು ಮುಚ್ಚಿದ್ದೆ ಅಷ್ಟೆ ಕಣೇ" ಅನ್ನುತ್ತಿದ್ದೆ. "ಸುಳ್ಳು ಹೇಳ್ಬೇಡ ಉಸ್ತಾ! ಗೋಡೆ ನಡುಗ್ತಿತ್ತು" ಅಂತ ಬೈಯುತ್ತಿದ್ದಳು. ಆಮೇಲೆ "ಉಳಿದದ್ದು ನಾಳೆ ನೋಡೋಣ" ಅನ್ನುತ್ತಿದ್ದಳು. ಮಾರನೆಯ ದಿನ ನನಗೆ ಮತ್ತೆ ನಿದ್ದೆ.

ನಾಳೆ ನಮ್ಮನೆಯ ಕ್ಯಾಸೆಟ್ಟುಗಳ ಸರದಿ.

ಅಕ್ಟೋಬರ್ 16, ಮಂಗಳವಾರ

ಅವಳ ಪಟ್ಟಿಯ ಮೊದಲನೆಯದನ್ನು ಹಾಕಿದೆ. ರೈಲು ಸ್ಟೇಷನ್ನಿನ ಮಾಸ್ತರು, ಪೆಟ್ಟಿಗೆ ಹಿಡಿದು ಬಂದ ಹೆಣ್ಣು, ಅಂಥ ಕಥೆ. ಗುಂಡಿ ಒತ್ತಿದರೆ ಸಿನಿಮಾ ಮಧ್ಯದಿಂದ ಶುರುವಾಯಿತು. ಆ ಹೆಣ್ಣು ಆಗಲೇ ಬೆಂಚಿನ ಮೇಲೆ ಕೂತು ಅಳುತ್ತಿದ್ದಾಳೆ.

"ಥೂ, ಹಿಂದಕ್ಕೆ ತಿರುಗ್ಸಿಲ್ಲ ನೋಡು" ಅಂತ ಫಿಕ್ರಿ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ. ಗಟ್ಟಿಯಾಗೇ ಹಿಡಿದೆನೆಂದು ಕಾಣುತ್ತದೆ. ಅವನಿಗೆ ನೋವಾಯಿತು.

"ಇರಲಿ ಬಿಡು. ಹಿಂಗೇ ನೋಡೋಣ."

"ತಲೆ ಇಲ್ಲದ ಕೋಳಿ ತಿನ್ನೋ ಹಂಗೆ?" ಅಂದ ಶಹಾತಾ.

"ನನ್ನ ಮನೆ, ನನ್ನ ಕೋಳಿ. ಬೇಕಿದ್ರೆ ಕೂರು."

ಆ ಹೆಣ್ಣು ರೈಲಿನಿಂದ ಇಳಿದದ್ದು ನನಗೆ ನೆನಪಿದೆ. ಬೆಂಚಿನ ತನಕ ನಡೆದದ್ದೂ ನೆನಪಿದೆ. ಆಮೇಲಿನದು ಒಂದಿಷ್ಟೂ ಗೊತ್ತಿಲ್ಲ.

ಅಕ್ಟೋಬರ್ 17, ಬುಧವಾರ

ಇವತ್ತು ಎರಡು ನೋಡಿದೆವು. ಎರಡೂ ಮಧ್ಯದಿಂದಲೇ ಶುರುವಾದವು. ಮೊದಲನೆಯದರಲ್ಲಿ ವಕೀಲ ಕಾಗದ ಒಡೆಯುತ್ತಾನೆ. ಕಾಗದ ಬಂದದ್ದು ನನಗೆ ಗೊತ್ತು, ಅದರಲ್ಲಿ ಏನಿತ್ತು ಗೊತ್ತಿಲ್ಲ. ಎರಡನೆಯದರಲ್ಲಿ ಮೀನುಗಾರ ದೋಣಿ ಬಿಚ್ಚುತ್ತಾನೆ. ಅಲ್ಲಿಯವರೆಗೆ ಗೊತ್ತು.

ನಾನು ದಡ್ಡ, ಆದರೆ ಅಷ್ಟೂ ದಡ್ಡನಲ್ಲ. ಪ್ರತಿಯೊಂದೂ ನನಗೆ ನಿದ್ದೆ ಬಂದ ಜಾಗದಲ್ಲೇ ನಿಂತಿದೆ. ನಾನು ತೂಕಡಿಸಿದ ಕೂಡಲೇ ಅವಳು ನಿಲ್ಲಿಸಿದ್ದಾಳೆ. ನಾಳೆ ನೋಡೋಣ ಅಂದವಳು ನಾಳೆಗಾಗಿ ಕಾದಿದ್ದಾಳೆ. ಒಬ್ಬಳೇ ಕೂತು ಕೊನೆ ನೋಡಲಿಲ್ಲ. ಮೂವತ್ತೊಂದು ಸಿನಿಮಾ, ಒಂದರ ಕೊನೆಯೂ ನೋಡದೆ ಹೋದಳು ನನ್ನ ಅತಿಯಾತ್. ನಮಗೆ ಮಕ್ಕಳೂ ಆಗಲಿಲ್ಲ. ಅವಳು ನನ್ನಲ್ಲಿ ಕೇಳಿದ್ದು ಮಧ್ಯಾಹ್ನ ಎರಡು ತಾಸು ಎಚ್ಚರ ಇರು ಅಂತ, ಅಷ್ಟೇ. ಅದನ್ನೂ ಕೊಡಲಿಲ್ಲ ನಾನು, ಪಾಪಿ.

ಇವರಿಬ್ಬರಿಗೆ ಹೇಳಲಿಲ್ಲ. ಹೇಗೆ ಹೇಳಲಿ? ನಾಚಿಕೆಯಾಗುತ್ತದೆ.

ಅಕ್ಟೋಬರ್ 19, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಖಬರಸ್ತಾನಕ್ಕೆ ಹೋದೆ. ಬಾಗಿಲಲ್ಲಿ ಕೂತವರಿಗೆ ಸತ್ತವರ ಹೆಸರಲ್ಲಿ ಕೊಡುವ ಸಿಹಿರೊಟ್ಟಿ ಹಂಚಿದೆ. ಅಂಗಡಿಯದಲ್ಲ, ನಾನೇ ನಾದಿ ಹಳೇ ಭಟ್ಟಿಯಲ್ಲಿ ಸುಟ್ಟದ್ದು. ಅವಳ ಗೋರಿಯ ಮೇಲೆ ಖರ್ಜೂರದ ಗರಿ ಇಟ್ಟು ಪಕ್ಕದಲ್ಲಿ ಕೂತೆ. ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಶುರು ಮಾಡಿದೆ.

"ನೋಡೇ, ಆ ಸ್ಟೇಷನ್ ಮಾಸ್ತರ ಅವಳನ್ನ ಮನೆಗೆ ಕರ್ಕೊಂಡು ಹೋದ. ಮದುವೆಯೇನೋ ಆಯ್ತು, ಆದ್ರೆ ಅವನ ತಾಯಿ ಒಪ್ಪಲಿಲ್ಲ" ಅಂತ ಒಂದೊಂದಾಗಿ ಹೇಳಿದೆ. ವಕೀಲನದು, ಮೀನುಗಾರನದು, ನಿನ್ನೆ ನೋಡಿದ ಕುರುಡಿಯದು. ಹೇಳುತ್ತಾ ಹೇಳುತ್ತಾ ಅರ್ಧ ಗಂಟೆ ಆಗಿತ್ತು. ಬದುಕಿದ್ದಾಗ ಅವಳ ಜೊತೆ ಒಂದೇ ಉಸಿರಿಗೆ ಅಷ್ಟು ಮಾತು ಆಡಿದ ನೆನಪಿಲ್ಲ.

ಒಂದು ತೀರ್ಮಾನ ಮಾಡಿದ್ದೇನೆ. ಉಳಿದ ಅಷ್ಟೂ ಸಿನಿಮಾ ಅವಳು ನಿಲ್ಲಿಸಿದ ಜಾಗದಿಂದ ಕೊನೆವರೆಗೆ ನೋಡಬೇಕು, ಬಂದು ಅವಳಿಗೆ ಹೇಳಬೇಕು. ಇದೊಂದು ಸಾಲ ತೀರಿಸಿದರೆ ಸಾಕು ನನಗೆ.

ಅಕ್ಟೋಬರ್ 22, ಸೋಮವಾರ

ಏಳು ಮುಗಿದವು. ಏಳನೆಯದು ನಡುವೆ ಕಿರುಗುಟ್ಟಿ ನಿಂತಿತು, ಬೂಸಲು. ಫಿಕ್ರಿ ವಿಡಿಯೋ ಯಂತ್ರದ ಹೊಟ್ಟೆ ಬಿಚ್ಚಿ ಹತ್ತಿಯಿಂದ ಒರೆಸಿ ಹೇಗೋ ಮುಗಿಸಿಕೊಟ್ಟ. ಉಳಿದ ಇಪ್ಪತ್ತನಾಲ್ಕನ್ನೂ ಬೂಸಲು ತೆಗೆಯದಿದ್ದರೆ ಒಂದೂ ಉಳಿಯುವುದಿಲ್ಲವಂತೆ. ಚೀಲಕ್ಕೆ ತುಂಬಿಕೊಂಡು ಹೋದ. "ಬಕ್ರೀದಿನೊಳಗೆ ಹೊಸದರ ಹಾಗೆ ಮಾಡಿ ತರ್ತೀನಿ, ನನ್ನ ಕೆಲಸ ನಂಗೆ ಬಿಡು" ಅಂದ.

ಒಳ್ಳೆಯವನು. ಇಪ್ಪತ್ತು ವರ್ಷದಿಂದ ಕಂಡ ಮುಖ. ಇಷ್ಟು ಒಳ್ಳೆಯವನೆಂದು ಗೊತ್ತಿರಲಿಲ್ಲ. ಅವನಿಗೆ ಪುದೀನಾ ಹಾಕಿ ಚಹಾ ಮಾಡಿಕೊಟ್ಟೆ. ಶಹಾತಾ "ನನಗ್ಯಾಕೆ ಪುದೀನಾ ಇಲ್ಲ?" ಅಂತ ತಕರಾರು ತೆಗೆದ. ಅವನಿಗೂ ಹಾಕಿದೆ.

ಅಕ್ಟೋಬರ್ 25, ಗುರುವಾರ

ಎಲ್ಲಾ ಹೋಯಿತು.

ಫಿಕ್ರಿ ಚೀಲ ತಂದ. ಒಂದೊಂದೂ ಒರೆಸಿ, ಹರಿದ ಚೀಟಿಗೆ ಗೋಂದು ಹಚ್ಚಿ ಅಂಟಿಸಿದ್ದ. ಬಾಯಿ ತುಂಬ ನಗು. ಒಂದನ್ನು ಹಾಕಿದೆ. ಹೆಸರು ಬಂತು, ಸಂಗೀತ ಬಂತು, ಸಿನಿಮಾ ಮೊದಲಿನಿಂದ ಶುರುವಾಯಿತು. ತೆಗೆದು ಇನ್ನೊಂದು ಹಾಕಿದೆ. ಮೊದಲಿನಿಂದ. ಮತ್ತೊಂದು. ಮೊದಲಿನಿಂದ.

"ಇದೇನೋ ಮಾಡಿದ್ದೀಯ?"

"ಎಲ್ಲಾ ತಿರುಗ್ಸಿದೀನಿ! ನಿನ್ನ ಯಂತ್ರ ಹಿಂದಕ್ಕೆ ಸುತ್ತಲ್ಲ ಅಂತ ನಂಗೆ ಗೊತ್ತಾಯ್ತು. ಹೇಳ್ಕೊಳಕ್ಕೆ ನಾಚಿಕೆ ಪಟ್ಟು ನೀನು ಅರ್ಧದಿಂದ ತೋರಿಸ್ತಿದ್ದೆ. ನನ್ನ ಹತ್ರ ಕ್ಲಬ್ಬಿನ ಸುತ್ತೋ ಯಂತ್ರ ಇನ್ನೂ ಇದೆ ಕಣೋ. ಒಂದೂ ಬಿಟ್ಟಿಲ್ಲ."

ಕ್ಲಬ್ಬಿನ ಗೋಡೆಯ ಮೇಲೆ ಅವನು ಕೆಂಪು ಬಣ್ಣದಲ್ಲಿ ಬರೆಸಿದ್ದ, 'ತಿರುಗಿಸಿ ಕೊಡಿ' ಅಂತ. ತಿರುಗಿಸದೆ ತಂದವರಿಗೆ ಎಲ್ಲರೆದುರು ಬೈಯುತ್ತಿದ್ದ. ಅವನಿಗೆ ಅದು ದೇವರ ಕೆಲಸ. ಅದನ್ನೇ ಮಾಡಿದ್ದಾನೆ. ಇಪ್ಪತ್ತನಾಲ್ಕು ಜಾಗ ಅಳಿಸಿಹಾಕಿದ್ದಾನೆ. ಅವಳು ಬೆರಳಿಟ್ಟು ನಿಲ್ಲಿಸಿದ ಜಾಗ, ನನಗಾಗಿ ಕಾದ ಜಾಗ. ಇನ್ನು ಅದನ್ನು ಯಾರು ಹುಡುಕಿಕೊಡುತ್ತಾರೆ?

"ಹೋಗು ಇಲ್ಲಿಂದ" ಅಂದೆ.

"ಏನಾಯ್ತು ಮಿತ್ವಲ್ಲಿ?"

"ನನ್ನ ಮನೆ ಹೊಸ್ತಿಲು ಮತ್ತೆ ತುಳೀಬೇಡ. ಹೊರಡು!" ಕುಂಬಳಬೀಜದ ತಟ್ಟೆ ತೆಗೆದು ಬೀಸಿದೆ. ಗೋಡೆಗೆ ಬಡಿದು ಚೂರಾಯಿತು. ಶಹಾತಾ ಮೊದಲ ಸಲ ಏನೂ ಮಾತಾಡದೆ ಫಿಕ್ರಿಯ ತೋಳು ಹಿಡಿದು ಕರೆದುಕೊಂಡು ಹೋದ. ಮೆಟ್ಟಿಲ ಮೇಲೆ ಫಿಕ್ರಿ "ನಾನೇನು ತಪ್ಪು ಮಾಡ್ದೆ ಶಹಾತಾ?" ಅಂತ ಕೇಳುತ್ತಿದ್ದದ್ದು ಕೇಳಿಸಿತು.

ಅಕ್ಟೋಬರ್ 26, ಶುಕ್ರವಾರ

ಬಕ್ರೀದ್. ಹಬ್ಬದ ನಮಾಜು ಮುಗಿಸಿ ಊರೆಲ್ಲ ಖಬರಸ್ತಾನದಲ್ಲಿತ್ತು. ನಾನೂ ಹೋದೆ. ಹೇಳಲು ಏನೂ ಇರಲಿಲ್ಲ. ಸುಮ್ಮನೆ ಕೂತು ಬಂದೆ.

ಅಕ್ಟೋಬರ್ 27, ಶನಿವಾರ

ಉಮ್ ಹಮ್ದಿ ಮಾಂಸದ ಸಾರಿನ ತಟ್ಟೆ ತಂದಳು. ಅವಳ ಅಡುಗೆಮನೆ ಕಿಟಕಿಗೂ ನಮ್ಮ ಕಿಟಕಿಗೂ ನಡುವೆ ಗಾಳಿಬೆಳಕಿನ ಒಂದು ಓಣಿ, ಅಷ್ಟೇ. ಒಬ್ಬರು ಈರುಳ್ಳಿ ಹೆಚ್ಚಿದರೆ ಇನ್ನೊಬ್ಬರ ಕಣ್ಣಲ್ಲಿ ನೀರು. ತಟ್ಟೆ ಒಡೆದದ್ದೂ ಕೇಳಿಸಿದೆ ಅವಳಿಗೆ.

"ಹಬ್ಬದ ಹಿಂದಿನ ದಿನ ಯಾಕೆ ಉಸ್ತಾ ಹಂಗೆ ಕಿರುಚಿದ್ದು? ಆ ಫಿಕ್ರಿ ಬೀದೀಲಿ ಮುಖ ಒರೆಸ್ಕೊಂಡು ಹೋಗ್ತಿದ್ದ. ಗಂಡಸು ಅಳೋದು ನಾನು ನೋಡಕ್ಕಾಗಲ್ಲ."

ಯಾಕೋ ಹೇಳಿಬಿಟ್ಟೆ. ಎಲ್ಲಾ ಹೇಳಿದೆ. ನನ್ನ ನಿದ್ದೆ, ಅವಳು ನಿಲ್ಲಿಸಿದ ಜಾಗ, ಕೊನೆ ನೋಡದೆ ಹೋದದ್ದು, ನಾನು ಗೋರಿಯ ಬಳಿ ಕೂತು ಕಥೆ ಹೇಳಿದ್ದು. ಉಮ್ ಹಮ್ದಿ ತಲೆವಸ್ತ್ರದ ಅಂಚು ಬಾಯಿಗೊತ್ತಿ ಕೇಳಿದಳು. ಆಮೇಲೆ ವಿಚಿತ್ರವಾಗಿ ನನ್ನ ಮುಖ ನೋಡಿದಳು.

"ಅಯ್ಯೋ ಉಸ್ತಾ, ಕೊನೆ ನೋಡಿಲ್ಲ ಅಂತ ಯಾರು ಹೇಳಿದ್ದು ನಿಮಗೆ?"

"ಮತ್ತೆ?"

"ಒಂದೂ ಬಿಡದೆ ನೋಡಿದಾಳೆ. ನೀವು ಗೊರಕೆ ಹೊಡೀತಿದ್ರಿ, ಅವಳು ದನಿ ಸಣ್ಣ ಮಾಡ್ಕೊಂಡು ಕೊನೇವರೆಗೂ ನೋಡ್ತಿದ್ಲು. ಮುಗೀತಿದ್ದ ಹಾಗೆ ನಾನು ಕಿಟಕಿಯಿಂದ 'ಏನಾಯ್ತೇ, ಮದುವೆ ಆದ್ರಾ?' ಅಂತ ಕೇಳ್ತಿದ್ದೆ. ಎಲ್ಲಾ ಹೇಳ್ತಿದ್ಲು. ನಂಗೆ ಮನೇಲಿ ವಿಡಿಯೋ ಇತ್ತಾ? ಅವಳ ಬಾಯಲ್ಲೇ ನಾನು ಸಿನಿಮಾ ನೋಡಿದ್ದು."

"ಮತ್ತೆ ಕ್ಯಾಸೆಟ್ಟು ಅರ್ಧಕ್ಕೆ ಯಾಕೆ ನಿಂತಿತ್ತು?"

"ಆಮೇಲೆ ಕಿರ್ರ್ ಅಂತ ಹಿಂದಕ್ಕೆ ಸುತ್ತೋಳು. ಸ್ವಲ್ಪ ಸುತ್ತೋದು, ನೋಡೋದು, ಮತ್ತೆ ಸುತ್ತೋದು. ನಂಗೆ ತಲೆನೋವು. 'ಏನೇ ಮಾಡ್ತೀಯ?' ಅಂದ್ರೆ, 'ಉಸ್ತಾ ಎಲ್ಲಿ ಕಣ್ಣು ಮುಚ್ಚಿದ್ನೋ ಅಲ್ಲಿಗೆ ತಂದು ಇಡ್ತಾ ಇದೀನಿ, ನಾಳೆ ಎದ್ದು ಕೂತ್ರೆ ಕಥೆ ತಪ್ಪಬಾರದು' ಅಂತಿದ್ಲು. ನೀವು ಎದ್ದಾಗ ಕೊನೆ ಗೊತ್ತಿದ್ರೂ ಬಾಯಿ ಬಿಡ್ತಿರಲಿಲ್ಲ. 'ಇಬ್ಬರೂ ಒಟ್ಟಿಗೆ ನೋಡ್ಬೇಕು, ನಾನು ನೋಡೇ ಇಲ್ಲ ಅನ್ನೋ ಹಂಗಿರ್ತೀನಿ' ಅಂತಿದ್ಲು."

ಉಮ್ ಹಮ್ದಿ ಹೋದ ಮೇಲೆ ಸಾರು ಆರಿ ಹೋಗಿ ಮೇಲೆ ಕೊಬ್ಬು ಕಟ್ಟಿತು. ಅತಿಯಾತಳಿಗೆ ಎಲ್ಲಾ ಗೊತ್ತಿತ್ತು. ನಾನು ಗೋರಿಯ ಪಕ್ಕ ಕೂತು ದೊಡ್ಡ ಮನುಷ್ಯನ ಹಾಗೆ ಕಥೆ ಹೇಳುತ್ತಿದ್ದೆ, ಅವಳು ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದಳು. ನಗು ಬಂತು. ನಗುತ್ತಾ ನಗುತ್ತಾ ಅತ್ತೆ. ಅವಳು ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಜನರಿದ್ದರು ಅವತ್ತು. ಇವತ್ತು ಯಾರೂ ಇರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅತಿಯಾತ್, ಮೂವತ್ತೊಂದು ಸಲ ನೀನು ಒಬ್ಬಳೇ ಕೊನೆ ನೋಡಿದೆಯಲ್ಲೇ. ಪಕ್ಕದಲ್ಲೇ ಬಿದ್ದಿದ್ದೆನಲ್ಲ ನಾನು, ಒಂದು ಸಲ ಮೊಣಕೈಯಿಂದ ತಿವಿಯಬಾರದಿತ್ತೇ?

ಅಕ್ಟೋಬರ್ 28, ಭಾನುವಾರ

ಫಿಕ್ರಿಯ ಮನೆಗೆ ಹೋದೆ. ಬಾಗಿಲು ತೆಗೆದವನು ಪಕ್ಕಕ್ಕೆ ಸರಿದು ನಿಂತ, ತಟ್ಟೆ ಬೀಸಿಯಾನೆಂದು ಹೆದರಿ. ನಾನು ನಿಂತಲ್ಲೇ ಎಲ್ಲಾ ಹೇಳಿದೆ. ಅವನು ತನ್ನ ಎರಡೂ ಕೈ ನೋಡಿಕೊಂಡ.

"ಈ ಕೈ ಮುರಿದು ಬೀಳಬಾರದಿತ್ತಾ" ಅಂದ.

"ಮುರಿದ್ರೆ ನನ್ನ ಯಂತ್ರ ಯಾರು ರಿಪೇರಿ ಮಾಡ್ತಾರೆ? ನಾನು ಬಾಯಿ ಬಿಡದೆ ಕೂತಿದ್ದು ತಪ್ಪು. ಮಾಡಿದ್ದುಣ್ಣೋ ಮಹರಾಯ ಅಂತ ಉಣ್ತಾ ಇದೀನಿ."

"ಆ ಜಾಗ ನಿಂಗೆ ನೆನಪಾಗಬಹುದು ಕಣೋ. ಮೊದಲಿಂದ ನೋಡಿದ್ರೆ, ಎಲ್ಲಿ ತನಕ ಗೊತ್ತು ಅನ್ನೋದು ಗೊತ್ತಾಗುತ್ತೆ."

ಹೌದಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಅವಳು ಹಾಗೇ ಹುಡುಕಿದ್ದು ತಾನೆ? ಸುತ್ತಿ, ನೋಡಿ, ಮತ್ತೆ ಸುತ್ತಿ.

ನವೆಂಬರ್ 1, ಗುರುವಾರ

ಅಸರ್ ಆದ ಮೇಲೆ ಇಬ್ಬರೂ ಬಂದರು. ಶಹಾತಾ ಹೊಸ ತಟ್ಟೆ ತಂದಿದ್ದ. "ಇದು ತಗಡಿಂದು, ಎಷ್ಟು ಬೇಕಾದ್ರೂ ಬೀಸು" ಅಂದ. ಪಟ್ಟಿಯ ಎಂಟನೆಯದನ್ನು ಹಾಕಿದೆವು, ದರ್ಜಿಯ ಕಥೆ. ಈ ಸಲ ಮೊದಲಿನಿಂದ. ಗೊತ್ತಿದ್ದದ್ದು ಮುಗಿದು ಗೊತ್ತಿಲ್ಲದ್ದು ಶುರುವಾಗುವ ಕಡೆ ಎದ್ದು ಹೇಳುತ್ತೇನೆ, ಅಲ್ಲಿ ಚೀಟಿಯಲ್ಲಿ ಬರೆದಿಡೋಣ ಅಂತ ಮಾತಾಗಿತ್ತು. ಫಿಕ್ರಿ ಪೆನ್ಸಿಲ್ ಹಿಡಿದು ಕೂತ.

ದರ್ಜಿ ಮದುವೆಯ ನಿಲುವಂಗಿ ಹೊಲಿಯುತ್ತಾನೆ. ಅಳತೆ ಕೊಡಲು ಹುಡುಗಿ ಬರುತ್ತಾಳೆ. ಅಳತೆಪಟ್ಟಿ ಅವಳ ಭುಜದ ಮೇಲಿಡುವಾಗ ಅವನ ಕೈ ನಡುಗುತ್ತದೆ. ಅತಿಯಾತಳ ಜಾಗ ಸೋಫಾದ ಎಡಗಡೆ. ಅಲ್ಲಿ ಯಾರೂ ಕೂತಿರಲಿಲ್ಲ. ಶಹಾತಾ ಏನೋ ಜೋಕು ಹೇಳಿದ.

ಕಣ್ಣು ಬಿಟ್ಟಾಗ ಮುಸ್ಸಂಜೆಯ ಮಗ್ರಿಬಿನ ಬಾಂಗು ಕೂಗುತ್ತಿತ್ತು. ಟೀವಿ ಆರಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಮೈಮೇಲೆ ನೀಲಿ ಹೂವಿನ ಹೊದಿಕೆ. ಪುದೀನಾ ಚಹಾದ ಲೋಟಗಳನ್ನು ತೊಳೆದು ಬೋರಲು ಹಾಕಿದ್ದರು.

ಅರವತ್ತೆರಡು ದಿನವಾಗಿತ್ತು ನನಗೆ ಹೀಗೆ ನಿದ್ದೆ ಬಂದು.

ಎದ್ದು ಹೋಗಿ ಗುಂಡಿ ಒತ್ತಿದೆ. ಅಳತೆಪಟ್ಟಿ ಹುಡುಗಿಯ ಭುಜದ ಮೇಲಿತ್ತು, ದರ್ಜಿಯ ಕೈ ನಡುಗುತ್ತಿತ್ತು. ಅಲ್ಲೇ ತಂದು ನಿಲ್ಲಿಸಿ ಹೋಗಿದ್ದರು, ಒಂದು ಮಾತೂ ಆಚೀಚೆ ಇಲ್ಲ.

ಸೋಫಾದ ಎಡಗಡೆ ತಿರುಗಿ, "ನಿದ್ದೆ ಎಲ್ಲಿ ಮಾಡಿದೆ, ಕಣ್ಣು ಮುಚ್ಚಿದ್ದೆ ಅಷ್ಟೆ ಕಣೇ" ಅಂದೆ.

ಯಾರೂ ಬೈಯಲಿಲ್ಲ.